ಗಾಲ್ಫ್‌ಗೆ ಯಾವ ಜಿಪಿಎಸ್ ತಗೊಳ್ಳೋದು?

ಪ್ರಶ್ನೆ: ರಿಟೈರ್ ಆದ್ಮೇಲೆ ಗಾಲ್ಫ್ ಹಿಡಿದಿದೀನಿ, ಮೈಸೂರಲ್ಲೇ ಆಡೋದು, ಅಪರೂಪಕ್ಕೆ ವಿರಾಜಪೇಟೆ ಹತ್ರ ಬಿಟ್ಟಂಗಾಲದ ಕೋರ್ಸ್‌ಗೂ ಹೋಗ್ತೀನಿ. ದೂರ ತೋರಿಸೋ, ಕೈಲಿ ಹಿಡ್ಕೊಳ್ಳೋ ಜಿಪಿಎಸ್ ತಗೋಬೇಕು. ಗಾರ್ಮಿನ್ ಕಂಪನಿಯ ಜಿ80 ರೇಟ್ ನೋಡಿ ಹಿಂದೇಟು ಹಾಕ್ದೆ, ಜಿ12 ಸಾಕಾಗತ್ತಾ? ಫ್ರೆಂಡ್ಸ್ ಲೇಸರ್ ಬಿಟ್ಟು ದೂರ ಅಳೆಯೋ ಯಂತ್ರಾನೇ ತಗೋ ಅಂತಾರೆ.
– ಮೈಸೂರಿನ ಓದುಗರು

ಉತ್ತರ: ಸಾಕು ಸರ್, ಧಾರಾಳವಾಗಿ ಸಾಕು. ಜಿ80ಯಲ್ಲಿ ನೀವು ಜಾಸ್ತಿ ದುಡ್ಡು ಕೊಡೋದು ಮೂರೂವರೆ ಇಂಚಿನ ಟಚ್ ಸ್ಕ್ರೀನಿಗೆ, ಮತ್ತೆ ಒಳಗಿರೋ ರೇಡಾರ್‌ಗೆ, ಅದು ಕ್ಲಬ್ (ಬಾಲ್ ಹೊಡೆಯೋ ಕೋಲು) ಸ್ಪೀಡು ಬಾಲ್ ಸ್ಪೀಡು ಎಲ್ಲಾ ಅಳೆಯತ್ತೆ, ಪ್ರಾಕ್ಟೀಸ್ ರೇಂಜಲ್ಲಿ ಗಂಟೆಗಟ್ಲೆ ಹೊಡೆಯೋರಿಗೆ ಒಳ್ಳೇದು. ಆಟದ ಮಧ್ಯೆ ನಿಮಗೆ ಬೇಕಿರೋದು ಮೂರೇ ನಂಬರ್: ಗ್ರೀನಿನ, ಅಂದ್ರೆ ಗುಳಿ ಇರೋ ನುಣುಪು ಹುಲ್ಲಿನ ಜಾಗದ, ಮುಂಭಾಗ, ಮಧ್ಯ, ಹಿಂಭಾಗ ಎಷ್ಟು ದೂರ ಅಂತ. ಉದಾಹರಣೆಗೆ ಮುಂದೆ 132, ಮಧ್ಯ 146, ಹಿಂದೆ 160 ಗಜ ಅಂತ ತೋರಿಸ್ತಿದೆ ಅಂದ್ಕೊಳ್ಳಿ. ಅಂದ್ರೆ ಗ್ರೀನೇ 28 ಗಜ ಉದ್ದ ಇದೆ, ಒಂದೊಂದು ದೂರಕ್ಕೆ ಒಂದೊಂದು ಕ್ಲಬ್ ಅಲ್ವಾ, ಇಲ್ಲಿ ಎರಡು ಕ್ಲಬ್ಬಿಗಿಂತ ಜಾಸ್ತಿ ವ್ಯತ್ಯಾಸ! ಗುಳಿಯ ಫ್ಲಾಗ್ ಗ್ರೀನಿನ ಹಿಂಭಾಗದಲ್ಲಿದ್ದಾಗ ಮಧ್ಯದ ನಂಬರಿಗೆ ಹೊಡೆದ್ರೆ ಬಾಲು ಗ್ರೀನ್ ಮೇಲೆ ಬಿದ್ರೂ ಗುಳಿಗೆ ಉರುಳಿಸೋಕೆ ಮೂರು ಹೊಡೆತ (ಪಟ್) ಆಗೋಷ್ಟು ದೂರ ಉಳಿಯತ್ತೆ. ಈ ಮೂರು ನಂಬರ್ ಓದೋದು ರೂಢಿ ಆಯ್ತು ಅಂದ್ರೆ ದೊಡ್ಡ ಸ್ಕ್ರೀನ್ ಬೇಕು ಅನ್ಸೋದೇ ಇಲ್ಲ.

ಲೇಸರ್ ಕೆಟ್ಟದ್ದಲ್ಲ, ಫ್ಲಾಗಿಗೆ ಕರೆಕ್ಟಾಗಿ ಎಷ್ಟು ದೂರ ಅಂತ ಹೇಳೋದು ಅದೇ. ಆದ್ರೆ ಫ್ಲಾಗ್ ಕಣ್ಣಿಗೆ ಕಾಣ್ಬೇಕಲ್ಲ, ಕೊಡಗಿನಂಥ ಏರುತಗ್ಗಿನ ಜಾಗದಲ್ಲಿ ದಿಬ್ಬದಾಚೆ ಗ್ರೀನ್ ಇದ್ರೆ ಏನೂ ಮಾಡಕ್ಕಾಗಲ್ಲ, ಜಡಿಮಳೆ ಮಂಜು ಇದ್ರೆ ಇನ್ನೂ ಕಷ್ಟ, ಕೈ ಸ್ವಲ್ಪ ನಡುಗಿದ್ರೂ ಹಿಂದಿರೋ ಮರದ ದೂರ ಕೊಟ್ಬಿಡತ್ತೆ. ಜಿಪಿಎಸ್‌ಗೆ ಆಕಾಶ ಕಂಡ್ರೆ ಸಾಕು, ಬಯಲಲ್ಲಿ ಕೆಲವೇ ಮೀಟರ್ ಆಚೀಚೆ ಅಷ್ಟೆ. 2000ನೇ ಇಸವಿ ಮೇ ತನಕ ಅಮೆರಿಕದವರು ಜನಸಾಮಾನ್ಯರ ಸಿಗ್ನಲನ್ನ ಬೇಕಂತ್ಲೇ ಕೆಡಿಸಿ ಕೊಡ್ತಿದ್ರು, ಆಗ ಹತ್ತಾರು ಮೀಟರ್ ತಪ್ಪು ಮಾಮೂಲಿ. ಅದನ್ನ ನಿಲ್ಲಿಸಿದ್ಮೇಲೇನೇ ಇಂಥ ಯಂತ್ರ ನಂಬೋಹಾಗಾಗಿದ್ದು.

ಆದ್ರೆ ದುಡ್ಡು ಕೊಡೋ ಮುಂಚೆ ಒಂದು ಕೆಲಸ ಖಂಡಿತ ಮಾಡಿ. ಕಂಪನಿ ವೆಬ್‌ಸೈಟಲ್ಲಿ ಯಂತ್ರದಲ್ಲಿ ಮ್ಯಾಪ್ ಇರೋ ಕೋರ್ಸ್‌ಗಳ ಪಟ್ಟಿ ಇರತ್ತೆ, ನೀವಾಡೋ ಎರಡೂ ಕೋರ್ಸ್ ಅದರಲ್ಲಿದೆಯಾ ನೋಡ್ಕೊಳ್ಳಿ. ಪ್ರಪಂಚದ 40 ಸಾವಿರ ಕೋರ್ಸ್ ಇದ್ದು ನಿಮ್ಮದಿಲ್ಲ ಅಂದ್ರೆ ಏನು ಬಂತು? ಸ್ಕೈಕ್ಯಾಡಿ ಥರದ ಬೇರೆ ಕಂಪನಿ ಯಂತ್ರಕ್ಕೆ ವರ್ಷ ವರ್ಷ ಮೆಂಬರ್‌ಶಿಪ್ ಫೀಸ್ ಇರತ್ತೆ, ಗಾರ್ಮಿನ್‌ನಲ್ಲಿ ಮ್ಯಾಪ್ ಅಪ್‌ಡೇಟ್ ಫ್ರೀ, ಇದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಪ್ರಶ್ನೆ: ಕ್ಲಬ್ ಟೂರ್ನಮೆಂಟಲ್ಲಿ ಜಿಪಿಎಸ್ ಯಂತ್ರಾನ ಉಪಯೋಗಿಸಬಹುದಾ?
– ಚಿಕ್ಕಮಗಳೂರಿನ ಓದುಗರು

ಉತ್ತರ: 2019ರಲ್ಲಿ ಬಂದು ಈಗಲೂ ಇರೋ ನಿಯಮದ ಪ್ರಕಾರ ದೂರ ನೋಡೋದಕ್ಕೆ ಅಡ್ಡಿ ಇಲ್ಲ, ಆದ್ರೆ ಕಮಿಟಿಯವರು ಲೋಕಲ್ ರೂಲ್ ಹಾಕಿ ನಿಷೇಧಿಸಬಹುದು, ಹಾಗಾಗಿ ಮೊದಲೇ ಕೇಳ್ಕೊಳ್ಳಿ. ಏರು-ಇಳಿಜಾರು ಲೆಕ್ಕ ಹಾಕಿ ಕೊಡೋ ಸ್ಲೋಪ್ ಫೀಚರ್ ಇದ್ರೆ ಆಫ್ ಮಾಡಿಡಿ, ಬಳಸಿದ್ರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸೋ ಆಟ) ಎರಡು ಹೊಡೆತದ ಪೆನಾಲ್ಟಿ, ಮತ್ತೊಮ್ಮೆ ಬಳಸಿದ್ರೆ ಆಟದಿಂದಲೇ ಔಟ್.

ಪ್ರಶ್ನೆ: ಜಿಪಿಎಸ್ ತಗೊಂಡ್ಮೇಲೂ ನನ್ನ ಶಾಟ್ ಎಲ್ಲಾ ಶಾರ್ಟೇ ಬೀಳ್ತಿದೆ. ಯಂತ್ರ ಹಾಳಾಗಿದೆಯಾ?
– ಬೆಂಗಳೂರಿನ ಓದುಗರು

ಉತ್ತರ: ಮೊದಲು ಸೆಟ್ಟಿಂಗ್ ನೋಡಿ, ಮೀಟರಲ್ಲಿದೆಯೋ ಗಜದಲ್ಲಿದೆಯೋ. 150 ಮೀಟರ್ ಅಂದ್ರೆ 164 ಗಜ, ಅಲ್ಲೇ ಒಂದು ಕ್ಲಬ್ ಹೋಯ್ತು. ಎರಡನೇದು, ಯಂತ್ರ ಅಳೆಯೋದು ತಾನಿರೋ ಜಾಗದಿಂದ. ಬಗ್ಗಿಯಲ್ಲಿ (ಕೋರ್ಸಲ್ಲಿ ಓಡಾಡೋ ಪುಟ್ಟ ಗಾಡಿ) ಕೂತು ನಂಬರ್ ನೋಡ್ತೀರಿ, ಬಾಲ್ ಇನ್ನೂ 15 ಗಜ ಹಿಂದೆ ಇರತ್ತೆ. ಬಾಲ್ ಹತ್ರ ಹೋಗಿ ನಿಂತು ನೋಡಿ. ಇಷ್ಟಾದ್ಮೇಲೂ ಶಾರ್ಟ್ ಅಂದ್ರೆ ನಿಮ್ಮ 7 ಐರನ್ ಕ್ಲಬ್ಬಿಂದ ಬಾಲ್ ನಿಜವಾಗ್ಲೂ ಎಷ್ಟು ದೂರ ಹಾರತ್ತೆ ಅಂತ ಅಳೀಬೇಕು, ಉರುಳೋದು ಸೇರಿಸದೆ, ಚೆನ್ನಾಗಿ ತಗುಲಿದ ಒಂದೇ ಶಾಟ್ ಅಲ್ಲ, ಹತ್ತು ಶಾಟಿನ ಸರಾಸರಿ. ರೇಂಜ್ ಬಾಲ್ ಸವೆದಿರತ್ತೆ, ಸರಿಯಾಗಿ ಹೋಗಲ್ಲ, ಆದ್ದರಿಂದ ಜನ ಕಮ್ಮಿ ಇರೋ ಹೊತ್ತಲ್ಲಿ ಕೋರ್ಸಲ್ಲೇ ಬಾಲ್ ಬಿದ್ದ ಕಡೆ ನಡೆದುಹೋಗಿ ಯಂತ್ರದಲ್ಲೇ ಶಾಟ್ ದೂರ ಅಳೀರಿ, ಬಂದದ್ದನ್ನ ಕ್ಲಬ್ ಪ್ರಕಾರ ಬರೆದು ಬ್ಯಾಗಲ್ಲಿಟ್ಕೊಳ್ಳಿ.