ಓದ್ತಾಳೆ, ಆದರೆ ಅಂಕ ಬರಲ್ಲ: ಎಸ್ಸೆಸ್ಸೆಲ್ಸಿ ಪ್ರಶ್ನೋತ್ತರ

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಾಳೆ. ರಾತ್ರಿ ಹನ್ನೆರಡರವರೆಗೂ ಪುಸ್ತಕ ಹಿಡಿದು ಕೂತಿರುತ್ತಾಳೆ. ಆದರೂ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 31 ಬಂದಿದೆ. ಕೇಳಿದರೆ ‘ಎಲ್ಲ ಗೊತ್ತಿತ್ತಮ್ಮ, ಬರೆಯೋಕೆ ಆಗಲಿಲ್ಲ’ ಅಂತಾಳೆ. ಟ್ಯೂಷನ್ ಬದಲಾಯಿಸಬೇಕಾ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಟ್ಯೂಷನ್ ಬದಲಾಯಿಸುವ ಮಾತು ಆಮೇಲೆ. ಮೊದಲು ಮಗಳು ಹೇಳಿದ್ದನ್ನು ನಂಬಿ. ಅವಳು ನೆಪ ಹೇಳುತ್ತಿಲ್ಲ. ಬಿಡಿಸಿಟ್ಟ ಲೆಕ್ಕವನ್ನು ಕಣ್ಣಲ್ಲಿ ಓದಿದಾಗ ಎಲ್ಲವೂ ಅರ್ಥವಾದ ಹಾಗೇ ಅನಿಸುತ್ತದೆ. ಖಾಲಿ ಹಾಳೆ ಮುಂದೆ ಬಂದಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಗಣಿತವನ್ನು ‘ಓದುವ’ ಮಕ್ಕಳೆಲ್ಲರದೂ ಇದೇ ಕಥೆ. ಅವಳ ಕೈಗೆ ಈಗ ಬೇಕಿರುವುದು ಪುಸ್ತಕವಲ್ಲ, ಪೆನ್ನು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಇಬ್ಬರೂ ಕೂತು ನೋಡಿ. ಬೈಯಲು ಅಲ್ಲ, ಅಂಕ ಎಲ್ಲಿ ಹೋಯಿತು ಅಂತ ಹುಡುಕಲು. ಈಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ ಇರುತ್ತವೆ. ಎಂಟು ಬಹು ಆಯ್ಕೆ, ಎಂಟು ಒಂದು ಅಂಕದವು, ಎಂಟು ಎರಡು ಅಂಕದವು. ಇಷ್ಟಕ್ಕೇ 32 ಅಂಕ. ಉಳಿದಂತೆ ಮೂರು ಅಂಕದವು ಒಂಬತ್ತು, ನಾಲ್ಕು ಅಂಕದವು ನಾಲ್ಕು, ಐದು ಅಂಕದ್ದು ಒಂದು. ಮಗಳ 31 ಅಂಕ ಯಾವ ಭಾಗದಿಂದ ಬಂದಿದೆ ನೋಡಿ. ಸಣ್ಣ ಪ್ರಶ್ನೆಗಳಲ್ಲೇ ಅರ್ಧ ಹೋಗಿದ್ದರೆ ಸೂತ್ರಗಳು ಗಟ್ಟಿಯಿಲ್ಲ ಅಂತ ಅರ್ಥ. ಅವು ಸರಿಯಿದ್ದು ಕೊನೆಯ ಪುಟಗಳು ಖಾಲಿಯಿದ್ದರೆ ಅಭ್ಯಾಸ ಮತ್ತು ಸಮಯದ ಸಮಸ್ಯೆ. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು ವಿಷಯ ಬಹಳ ಮಕ್ಕಳಿಗೆ ಗೊತ್ತಿರುವುದಿಲ್ಲ. ಮೌಲ್ಯಮಾಪಕರು ಅಂಕ ಕೊಡುವುದು ಹಂತ ಹಂತಕ್ಕೆ. 2, 7, 12 ಹೀಗೆ ಸಾಗುವ ಸಮಾಂತರ ಶ್ರೇಢಿಯ 20ನೇ ಪದ ಕೇಳಿದ್ದಾರೆ, ಎರಡು ಅಂಕ ಅಂದುಕೊಳ್ಳಿ. ಮೊದಲ ಪದ 2, ಸಾಮಾನ್ಯ ವ್ಯತ್ಯಾಸ 5 ಅಂತ ಬರೆದರೆ ಅರ್ಧ ಅಂಕ. ಸೂತ್ರಕ್ಕೆ ಅರ್ಧ. ಸೂತ್ರದಲ್ಲಿ ಬೆಲೆ ತುಂಬಿ 2 + 19 × 5 ಅಂತ ಬರೆದರೆ ಇನ್ನರ್ಧ. ಕೊನೆಗೆ 97 ಅಂತ ಉತ್ತರ ಬಂದರೆ ಉಳಿದರ್ಧ. ಸಾಮಾನ್ಯವಾಗಿ ಹಂಚಿಕೆ ಇರುವುದು ಹೀಗೆ. ಗಾಬರಿಯಲ್ಲಿ 19 × 5 ಅನ್ನು 85 ಅಂತ ಬರೆದು ಉತ್ತರ 87 ಬಂದರೂ ಒಂದೂವರೆ ಅಂಕ ಅವಳದೇ. ‘ಪೂರ್ತಿ ಬರಲ್ಲ’ ಅಂತ ಪ್ರಶ್ನೆಯನ್ನೇ ಬಿಟ್ಟರೆ ಸೊನ್ನೆ. ಮೌಲ್ಯಮಾಪನಕ್ಕೆ ಕೂತಾಗ ನನಗೆ ಹೆಚ್ಚು ಸಂಕಟ ಆಗುವುದು ತಪ್ಪು ಉತ್ತರ ಕಂಡಾಗ ಅಲ್ಲ, ಪ್ರಶ್ನೆ ಸಂಖ್ಯೆ ಬರೆದು ಕೆಳಗೆ ಖಾಲಿ ಬಿಟ್ಟ ಜಾಗ ಕಂಡಾಗ. ಸೂತ್ರವಾದರೂ ಬರೆದಿದ್ದರೆ ಏನಾದರೂ ಕೊಡಬಹುದಿತ್ತು, ಅಲ್ವಾ?

ಇನ್ನು ದಿನದ ಅಭ್ಯಾಸ. ಹನ್ನೆರಡರವರೆಗೆ ಕೂರುವುದನ್ನು ನಿಲ್ಲಿಸಿ, ಹತ್ತಕ್ಕೆ ಮಲಗಿಸಿ. ಬೆಳಿಗ್ಗೆ ಒಂದು ಗಂಟೆ ಗಣಿತ ಬರೆಯಲಿ. ನಕ್ಷಾ ವಿಧಾನದಿಂದ ರೇಖಾತ್ಮಕ ಸಮೀಕರಣ ಬಿಡಿಸುವುದು, ಥೇಲ್ಸ್ ಪ್ರಮೇಯ, ಸ್ಪರ್ಶಕಗಳ ಪ್ರಮೇಯ, ಸರಾಸರಿ ಮತ್ತು ಮಧ್ಯಾಂಕ ಕಂಡುಹಿಡಿಯುವುದು. ಇವು ಮತ್ತೆ ಮತ್ತೆ ಬರುವ ಪ್ರಶ್ನೆಗಳು. ಪ್ರಮೇಯ ಅಂದರೆ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಇಷ್ಟನ್ನೂ ಬೇರೆ ಬೇರೆಯಾಗಿ ಬರೆಯಬೇಕು. ನಕ್ಷೆಯಲ್ಲಿ ಅಕ್ಷಗಳ ಅಳತೆ ಬರೆಯುವುದನ್ನು ಮರೆಯಬಾರದು. ಎರಡು ಗೆರೆ ಸೇರುವ ಬಿಂದುವನ್ನು ಎರಡೂ ಸಮೀಕರಣಕ್ಕೆ ಹಾಕಿ ನೋಡಿದರೆ ಉತ್ತರ ಸರಿಯೋ ತಪ್ಪೋ ಅಲ್ಲೇ ಗೊತ್ತಾಗಿಬಿಡುತ್ತದೆ.

ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬರೆಸಿ. ಮಂಡಳಿಯ ಜಾಲತಾಣದಲ್ಲಿ ಸಿಗುತ್ತವೆ. ಶಾಲೆಯಲ್ಲಿ ಕೇಳಿದರೂ ಕೊಡುತ್ತಾರೆ. ಗಣಿತ ಪರೀಕ್ಷೆಗೆ ಮೂರು ಗಂಟೆ ಹದಿನೈದು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಉಳಿದ 180 ನಿಮಿಷವನ್ನು 80 ಅಂಕಕ್ಕೆ ಹಂಚಿದರೆ ಒಂದು ಅಂಕಕ್ಕೆ ಎರಡೂ ಕಾಲು ನಿಮಿಷ. ಮೂರು ಅಂಕದ ಲೆಕ್ಕಕ್ಕೆ ಏಳು ನಿಮಿಷ ದಾಟಿದರೆ ಜಾಗ ಬಿಟ್ಟು ಮುಂದೆ ಹೋಗುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಲಿ. ಮಾಡಿದ ತಪ್ಪುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪರೀಕ್ಷೆಯ ಹಿಂದಿನ ದಿನ ಅದೊಂದನ್ನು ತಿರುವಿ ಹಾಕಿದರೂ ಸಾಕು. ಹೀಗೆ ನಾಲ್ಕು ವಾರ ಮಾಡಿದ ಮೇಲೂ ಅಂಕ ಮೇಲೇರದಿದ್ದರೆ ಟ್ಯೂಷನ್ ಬಗ್ಗೆ ಯೋಚಿಸೋಣ.

ಪ್ರಶ್ನೆ: ಪಾಸಾಗಲು 35 ಬೇಕಾ, 33 ಸಾಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಹತ್ತನೇ ತರಗತಿ ವಿದ್ಯಾರ್ಥಿ, ಶಿರಸಿ

ಉತ್ತರ: ಗೊಂದಲ ಸಹಜ. ಬಹಳ ವರ್ಷ 35 ಇತ್ತು, ಮನೆಯ ಹಿರಿಯರ ತಲೆಯಲ್ಲಿ ಈಗಲೂ ಅದೇ ಇದೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಇದನ್ನು ಶೇ 33ಕ್ಕೆ ಇಳಿಸಿತು. ಅಂದರೆ 625ಕ್ಕೆ ಒಟ್ಟು 206 ಅಂಕ, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಬರಬೇಕು. 625 ಹೇಗೆ ಅಂದರೆ, ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು.

ಈ ಆಂತರಿಕ ಅಂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಕಿರುಪರೀಕ್ಷೆ, ಚಟುವಟಿಕೆ, ಪ್ರಾಜೆಕ್ಟ್ ಎಲ್ಲವನ್ನೂ ಸಮಯಕ್ಕೆ ಸರಿಯಾಗಿ ಮುಗಿಸಿ ಕೊಡು. ಆದರೆ 33 ಅನ್ನೋದನ್ನು ಗುರಿ ಮಾಡಿಕೊಳ್ಳಬೇಡ. 33ಕ್ಕೆ ಗುರಿಯಿಟ್ಟವನು ಒಂದು ಪ್ರಶ್ನೆ ಎಡವಿದರೆ 29ಕ್ಕೆ ಬಂದು ನಿಲ್ಲುತ್ತಾನೆ. 60ಕ್ಕೆ ತಯಾರಾದವನು ಎಡವಿದರೂ ಪಾಸಾಗುತ್ತಾನೆ.

ಪ್ರಶ್ನೆ: ಮಗ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲಾಗಿದ್ದಾನೆ. ಮನೆಯಿಂದ ಹೊರಗೇ ಬರುತ್ತಿಲ್ಲ, ಊಟವೂ ಸರಿಯಾಗಿ ಮಾಡುತ್ತಿಲ್ಲ. ನೆಂಟರು ‘ಓದು ಬಿಡಿಸಿ, ಗ್ಯಾರೇಜಿಗೆ ಸೇರಿಸು’ ಅಂತಿದ್ದಾರೆ. ಏನು ಮಾಡಲಿ?
– ಒಬ್ಬ ತಂದೆ, ಕಲಬುರಗಿ ಜಿಲ್ಲೆ

ಉತ್ತರ: ನೆಂಟರ ಮಾತು ಪಕ್ಕಕ್ಕಿಡಿ. ಮೊದಲು ಮಗನ ಜೊತೆ ಕೂತು ಊಟ ಮಾಡಿ. ‘ಮುಂದೆ ನೋಡೋಣ, ನಾನಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿ. ಮನಸ್ಸಲ್ಲಿದ್ದರೆ ಸಾಲದು, ಅವನ ಕಿವಿಗೆ ಬೀಳಬೇಕು. ಅವನನ್ನು ಒಬ್ಬನೇ ಬಿಡಬೇಡಿ. ಬದುಕೇ ಬೇಡ ಅನ್ನುವಂಥ ಮಾತು ಒಂದು ಬಂದರೂ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನು ಓದಿನ ವಿಷಯ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪರೀಕ್ಷೆ-1ರಲ್ಲಿ ಹೋದ ವಿಷಯಗಳನ್ನಷ್ಟೇ ಪರೀಕ್ಷೆ-2ರಲ್ಲಿ ಬರೆದರೆ ಸಾಕು. ಪಾಸಾದ ವಿಷಯಗಳ ಅಂಕ ಹಾಗೇ ಉಳಿಯುತ್ತದೆ. ನೋಂದಣಿ ಆಗುವುದು ಅವನ ಶಾಲೆಯ ಮೂಲಕವೇ. ಕೊನೆಯ ದಿನಾಂಕ ಬೇಗ ಬರುತ್ತದೆ, ಆದ್ದರಿಂದ ನಾಳೆಯೇ ಮುಖ್ಯೋಪಾಧ್ಯಾಯರನ್ನು ಕಾಣಿ. ಪರಿಹಾರ ಬೋಧನೆಯ ತರಗತಿ ಯಾವಾಗ ಅಂತಲೂ ಕೇಳಿ ಬನ್ನಿ. ಇದರಲ್ಲಿ ಪಾಸಾದರೆ ಇದೇ ವರ್ಷ ಪಿಯುಸಿ, ಡಿಪ್ಲೊಮಾ ಅಥವಾ ಐಟಿಐಗೆ ಪ್ರಯತ್ನಿಸಬಹುದು. ಗ್ಯಾರೇಜ್ ಕೆಲಸದಲ್ಲಿ ಅವನಿಗೆ ನಿಜವಾಗಿ ಆಸಕ್ತಿ ಇದ್ದರೆ ಐಟಿಐನ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಇದೆ. ಅದಕ್ಕೂ ಎಸ್ಸೆಸ್ಸೆಲ್ಸಿ ಬೇಕು.

ಒಂದು ಮಾತು ಹೇಳಲೇಬೇಕು. 2025ರ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಎರಡೂ ಕಡೆ ಒಂದೇ ಪ್ರಶ್ನೆಪತ್ರಿಕೆ. ಮಂಗಳೂರಿನ ಮಕ್ಕಳಿಗೂ ನಿಮ್ಮೂರಿನ ಮಕ್ಕಳಿಗೂ ಬುದ್ಧಿಯಲ್ಲಿ ಅಷ್ಟು ಅಂತರ ಇರುತ್ತಾ? ಖಂಡಿತ ಇಲ್ಲ. ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳು, ಹೊಲದ ಕೆಲಸಕ್ಕೋ ಗುಳೆಗೋ ತಪ್ಪುವ ಶಾಲೆ, ಕೆಳಗಿನ ತರಗತಿಗಳಲ್ಲೇ ಕೈಬಿಟ್ಟುಹೋದ ಭಾಗಾಕಾರ ಮತ್ತು ಭಿನ್ನರಾಶಿ ಎಲ್ಲ ಸೇರಿ ಹತ್ತನೇ ಕ್ಲಾಸಿನಲ್ಲಿ ಅಂಕವಾಗಿ ಕಾಣಿಸುತ್ತವೆ. ಅದನ್ನೆಲ್ಲ ಹದಿನಾರು ವರ್ಷದ ಹುಡುಗನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. ಗಣಿತಕ್ಕೆ ಮೇಲೆ ಹೇಳಿದ ಕ್ರಮವನ್ನೇ ಹಿಡಿಯಿರಿ. ಇಂಗ್ಲಿಷ್‌ಗೆ ಪತ್ರ ಬರವಣಿಗೆ, ಪ್ರಬಂಧ, ಪದ್ಯದ ಕಂಠಪಾಠ, ಕೊಟ್ಟ ಗದ್ಯಭಾಗ ಓದಿ ಉತ್ತರಿಸುವುದು, ಈ ನಾಲ್ಕನ್ನು ದಿನಾ ಒಂದೊಂದರಂತೆ ಬರೆಯಲಿ.

ಪ್ರಶ್ನೆ: ವಿಜ್ಞಾನದಲ್ಲಿ 90 ನಿರೀಕ್ಷಿಸಿದ್ದೆ, 71 ಬಂದಿದೆ. ನೇರವಾಗಿ ಮರುಮೌಲ್ಯಮಾಪನಕ್ಕೆ ಹಾಕಲಾ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ನೇರವಾಗಿ ಆಗುವುದಿಲ್ಲ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಪ್ರತಿ ಬಂದ ಮೇಲೆ ನಿನ್ನ ವಿಜ್ಞಾನ ಶಿಕ್ಷಕರ ಜೊತೆ ಕೂತು, ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟು ನೋಡು. ಕೂಡಿದ್ದರಲ್ಲಿ ತಪ್ಪಿದ್ದರೆ ಮರುಎಣಿಕೆ ಸಾಕು. ಸರಿ ಉತ್ತರಕ್ಕೆ ಅಂಕ ಕೊಟ್ಟಿಲ್ಲ ಅಂತ ಶಿಕ್ಷಕರಿಗೂ ಅನಿಸಿದರೆ ಮಾತ್ರ ಮರುಮೌಲ್ಯಮಾಪನ. ಸುಮ್ನೆ ಅನುಮಾನಕ್ಕೆ ಅಂತ ದುಡ್ಡು ಖರ್ಚು ಮಾಡಬೇಡ. ಪಾಸಾಗಿದ್ದರೂ ಪರೀಕ್ಷೆ-2 ಬರೆಯಬಹುದು, ಎರಡರಲ್ಲಿ ಜಾಸ್ತಿ ಬಂದ ಅಂಕವೇ ನಿನ್ನದಾಗುತ್ತದೆ. ಹಾಗಾಗಿ ಸ್ಕ್ಯಾನ್ ಪ್ರತಿ ಬರುವವರೆಗೆ ವಿಜ್ಞಾನದ ಪುಸ್ತಕವನ್ನು ಕಪಾಟಿಗೆ ಸೇರಿಸಬೇಡ. ಎರಡರ ಅರ್ಜಿಯ ಕೊನೆಯ ದಿನಾಂಕಗಳನ್ನೂ ಇವತ್ತೇ ಶಾಲೆಯಲ್ಲಿ ಕೇಳಿ ಬರೆದಿಟ್ಟುಕೋ.