ರೇಡಿಯೇಟರ್ ಸೋರಿಕೆ: ಅರಿಶಿನದ ಪುಡಿ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರು. ಒಂದು ತಿಂಗಳಿನಿಂದ ದಿನವೂ ಬೆಳಿಗ್ಗೆ ಮುಂಭಾಗದ ಕೆಳಗೆ ಅಂಗೈಯಗಲ ಹಸಿರು ನೀರು ನಿಂತಿರುತ್ತದೆ. ಲಾರಿ ಓಡಿಸುವ ನಮ್ಮ ಅಳಿಯಂದಿರು ರೇಡಿಯೇಟರಿಗೆ ಎರಡು ಚಮಚ ಅರಿಶಿನದ ಪುಡಿ ಹಾಕಿದರು. ನಾಲ್ಕು ದಿನ ನಿಂತ ಸೋರಿಕೆ ಐದನೆಯ ದಿನ ಮತ್ತೆ ಆರಂಭವಾಯಿತು. ಬಿಡಿಭಾಗಗಳ ಅಂಗಡಿಯವರು ಸೋರಿಕೆ ನಿಲ್ಲಿಸುವ ದ್ರವದ ಬಾಟಲಿ ಕೊಡುತ್ತೇವೆ ಎನ್ನುತ್ತಾರೆ, ಗ್ಯಾರೇಜಿನವರು ರೇಡಿಯೇಟರನ್ನೇ ಬದಲಿಸಿ ಎನ್ನುತ್ತಾರೆ. ಬಲಬದಿಯಲ್ಲಿ ಕಪ್ಪು ಪ್ಲಾಸ್ಟಿಕ್ ಭಾಗವು ಅಲ್ಯೂಮಿನಿಯಂಗೆ ಕೂಡುವ ಕಡೆ ಬಿಳಿ-ಹಸಿರು ಕಲೆ ಕಾಣುತ್ತದೆ. ತಾಯಿಯವರ ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಸಲ ಬಳ್ಳಾರಿಗೆ ಹೋಗಿಬರಬೇಕು. ಉಷ್ಣತೆ ತೋರಿಸುವ ಮುಳ್ಳು ಮಾತ್ರ ಯಾವಾಗಲೂ ನಡುವಿನಲ್ಲೇ ಇದೆ. ಏನು ಮಾಡಬೇಕು?
— ಓದುಗರು, ಕಾರಟಗಿ

ಉತ್ತರ: ಕಲೆ ಎಲ್ಲಿದೆ ಎಂಬುದನ್ನು ನೀವು ನೋಡಿ ಬರೆದಿರುವುದರಿಂದ ಅರ್ಧ ಕೆಲಸ ಮುಗಿದಿದೆ. ಈಗಿನ ಬಹುತೇಕ ಕಾರುಗಳ ರೇಡಿಯೇಟರ್ ಎರಡು ವಸ್ತುಗಳ ಜೋಡಣೆ: ನಡುವೆ ಅಲ್ಯೂಮಿನಿಯಂ ಕೊಳವೆಗಳು, ಎರಡು ತುದಿಗಳಲ್ಲಿ ಪ್ಲಾಸ್ಟಿಕ್ ತೊಟ್ಟಿಗಳು, ಇವೆರಡರ ನಡುವೆ ರಬ್ಬರ್ ಗ್ಯಾಸ್ಕೆಟ್. ಅಲ್ಯೂಮಿನಿಯಂ ಅಂಚಿನ ಹಲ್ಲುಗಳನ್ನು ತೊಟ್ಟಿಯ ಮೇಲೆ ಮಡಚಿ ಬಿಗಿದಿರುತ್ತಾರೆ. ಬಿಸಿಯಾದಾಗ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಂಬತ್ತು ವರ್ಷ ದಿನವೂ ಹಿಗ್ಗಿ ಕುಗ್ಗಿದ ಮೇಲೆ ನಡುವಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ನಿಮ್ಮ ಸೋರಿಕೆ ಬಹುಮಟ್ಟಿಗೆ ಈ ಬಗೆಯದು.

ಅರಿಶಿನ ನಾಲ್ಕೇ ದಿನ ನಿಂತದ್ದೂ ಇದರಿಂದಲೇ. ಲಾರಿ ಚಾಲಕರ ಈ ಉಪಾಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಅರಿಶಿನದಲ್ಲಿರುವ ಪಿಷ್ಟವು ಬಿಸಿನೀರಿನಲ್ಲಿ ಉಬ್ಬಿ, ಸೂಜಿಮೊನೆಯಷ್ಟು ಚಿಕ್ಕ ತೂತಿನಲ್ಲಿ ಸಿಕ್ಕಿ, ಊರು ಮುಟ್ಟುವವರೆಗೆ ನೀರನ್ನು ತಡೆದು ನಿಲ್ಲಿಸಬಲ್ಲದು. ಆದರೆ ಅದು ತೂತಿನಲ್ಲಿ ಕೂರುವ ಪುಡಿಯೇ ಹೊರತು ದಿನವೂ ಅಲುಗಾಡುವ ಸಂದಿಯನ್ನು ಹಿಡಿದಿಡುವ ಅಂಟಲ್ಲ. ಮೇಲಾಗಿ ತೂತು ಎಲ್ಲಿದೆಯೆಂದು ಪುಡಿಗೆ ಗೊತ್ತಿಲ್ಲ. ನೀರಿನ ಹರಿವು ಎಲ್ಲಿ ನಿಧಾನವೋ ಅಲ್ಲೆಲ್ಲ ಅದು ಕೂರುತ್ತದೆ: ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ, ಬಿಸಿಗೆ ತಕ್ಕಂತೆ ದ್ರವದ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟಿನ ಬಾಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಕೊಳವೆಗಳಲ್ಲಿ. ನಮ್ಮ ಭಾಗದಲ್ಲಿ ಹೀಟರನ್ನು ಯಾರೂ ಬಳಸದ ಕಾರಣ ಅದು ಕಟ್ಟಿಕೊಂಡಿದ್ದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬಾಟಲಿಯ ದ್ರವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೆಲವದರಲ್ಲಿ ಸೋಡಿಯಂ ಸಿಲಿಕೇಟ್, ಕೆಲವದರಲ್ಲಿ ನಾರು ಅಥವಾ ಲೋಹದ ಪುಡಿ ಇರುತ್ತದೆ. ಅರಿಶಿನಕ್ಕಿಂತ ಅವು ಗಟ್ಟಿಯಾಗಿ ಕೂರುತ್ತವೆ, ಆದ್ದರಿಂದ ತೊಳೆದು ತೆಗೆಯುವುದೂ ಅಷ್ಟೇ ಕಷ್ಟ. ಈಗಾಗಲೇ ಅರಿಶಿನ ಕುಡಿದಿರುವ ವ್ಯವಸ್ಥೆಗೆ ಅದನ್ನೂ ಸುರಿಯುವುದು ಬೇಡ.

ಮುಳ್ಳು ನಡುವಿನಲ್ಲೇ ಇದೆಯೆಂದು ನಿಶ್ಚಿಂತರಾಗಬೇಡಿ. ಉಷ್ಣತೆ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ದ್ರವ ಅದರ ಮಟ್ಟಕ್ಕಿಂತ ಕೆಳಗಿಳಿದರೆ ಇಂಜಿನ್ ಸುಡುತ್ತಿದ್ದರೂ ಮುಳ್ಳು ಏರದೆ ಇರಬಹುದು, ಇಳಿಯಲೂಬಹುದು. ಆದ್ದರಿಂದ ದಿನವೂ ಇಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ಆ ಹಸಿರು ದ್ರವದ ಮಟ್ಟವನ್ನು ಕಣ್ಣಾರೆ ನೋಡಿ.

ಒತ್ತಡದ ವಿಷಯವನ್ನೂ ಇಲ್ಲಿ ಹೇಳಬೇಕು. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂತಹ ಅಂಕಿ ಇರುತ್ತದೆ. ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ ಎಂಬುದರ ಗುರುತು ಅದು. 1.1ರ ಮುಚ್ಚಳ ಸರಿಯಾಗಿದ್ದರೆ ಬರೀ ನೀರು ಕೂಡ 100ರ ಬದಲು ಸುಮಾರು 121 ಡಿಗ್ರಿಯಲ್ಲಿ ಕುದಿಯುತ್ತದೆ, ಕೂಲಂಟ್ ಅರ್ಧಕ್ಕರ್ಧ ಬೆರೆತಿದ್ದರೆ ಅದಕ್ಕೂ ಮೇಲೆ. ಸೋರಿಕೆಯಿಂದ ಒತ್ತಡ ಹೋದರೆ ಈ ರಕ್ಷಣೆಯೂ ಹೋಗುತ್ತದೆ. ಸೋರಿಕೆ ಕಡಿಮೆಯಾಗಲೆಂದು ಮುಚ್ಚಳವನ್ನು ಅರ್ಧ ಸಡಿಲಿಸಿ ಓಡಿಸುವ ರೂಢಿ ಕೆಲವರಲ್ಲಿದೆ. ಹೊರಗೆ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ.

ಹಾಗೆಂದು ಗ್ಯಾರೇಜಿನವರ ಮಾತನ್ನೂ ಪರೀಕ್ಷೆಯಿಲ್ಲದೆ ಒಪ್ಪಬೇಕಾಗಿಲ್ಲ. ರೇಡಿಯೇಟರಿನ ಬಾಯಿಗೆ ಕೈಪಂಪು ಜೋಡಿಸಿ, ಮುಚ್ಚಳದ ಅಂಕಿಯಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡಲು ಹೇಳಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಹೋಸ್ ಪೈಪಿನ ಕ್ಲ್ಯಾಂಪ್, ವಾಟರ್ ಪಂಪ್ ಮತ್ತು ಮುಚ್ಚಳವನ್ನು ಬಿಟ್ಟು ರೇಡಿಯೇಟರನ್ನೇ ದೂರುವುದು ಸಾಮಾನ್ಯ. ನನ್ನ ಸ್ವಂತ ಕಾರಿಗೆ ಒಮ್ಮೆ ಹೊಸ ರೇಡಿಯೇಟರ್ ಹಾಕಿಸಿದ ಮೇಲೂ ನೀರು ಸೋರುತ್ತಿತ್ತು. ಕೊನೆಗೆ ಸಿಕ್ಕಿದ್ದು ಸಡಿಲವಾದ ಒಂದು ಕ್ಲ್ಯಾಂಪ್. ಹೊರಗೆಲ್ಲೂ ಹನಿ ಕಾಣದೆ ಒತ್ತಡ ಇಳಿದರೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅಥವಾ ಹೊಗೆಕೊಳವೆಯಿಂದ ಬಿಡದೆ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟನ್ನು, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಭಾಗಕ್ಕೆ ಕೂಡುವ ಕಡೆಯ ಗ್ಯಾಸ್ಕೆಟನ್ನು ಶಂಕಿಸಬೇಕು.

ಪರೀಕ್ಷೆಯಲ್ಲಿ ಆ ಸಂದಿಯೇ ಸೋರಿದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ರೇಡಿಯೇಟರ್ ಕೆಲಸವನ್ನೇ ಮಾಡುವ ಅಂಗಡಿಗಳಲ್ಲಿ ಹಲ್ಲುಗಳನ್ನು ಬಿಡಿಸಿ ಹೊಸ ಗ್ಯಾಸ್ಕೆಟ್ ಕೂರಿಸಿಕೊಡುತ್ತಾರೆ. ಕೊಳವೆಗಳು ಗಟ್ಟಿಯಾಗಿದ್ದು ಪ್ಲಾಸ್ಟಿಕ್ ಬಿರುಕು ಬಿಟ್ಟಿರದಿದ್ದರೆ ಇದು ನ್ಯಾಯವಾದ ದುರಸ್ತಿ. ಆದರೆ ಒಮ್ಮೆ ಮಡಚಿ ಬಿಚ್ಚಿದ ಹಲ್ಲುಗಳು ಎರಡನೆಯ ಸಲಕ್ಕೆ ಮುರಿಯಬಹುದು. ಕೊಳವೆಗಳಲ್ಲೂ ಬಿಳಿ ಪುಡಿ ಕಟ್ಟಿದ್ದರೆ ಬದಲಿಸುವುದೇ ಸರಿ. ತಾಯಿಯವರನ್ನು ಕರೆದೊಯ್ಯುವ ಗಾಡಿ ಎಂಬ ಕಾರಣಕ್ಕೆ ನನ್ನ ಒಲವು ಬದಲಿಸುವ ಕಡೆಗಿದೆ. ಯಾವುದನ್ನೇ ಮಾಡಿಸಿದರೂ ಮೊದಲು ಇಡೀ ವ್ಯವಸ್ಥೆಯನ್ನು ಶುದ್ಧ ನೀರು ಬರುವವರೆಗೆ ತೊಳೆಸಿ, ಅರಿಶಿನವನ್ನು ಹೊರಗೆ ಕಳಿಸಿ. ಹಳೆಯ ಕೂಲಂಟನ್ನು ರಸ್ತೆಗೆ ಬಿಡಬಾರದು. ಅದರ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿ, ನಾಯಿಯೋ ಮೇಕೆಯೋ ನೆಕ್ಕಿದರೆ ಸಾಯಬಹುದು.

ಅಲ್ಲಿಯವರೆಗೆ ದಾರಿಯಲ್ಲಿ ಬಿಸಿ ಏರಿದರೆ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿ. ಅರ್ಧ ಗಂಟೆಗೆ ಮುಂಚೆ ಮುಚ್ಚಳ ಮುಟ್ಟಬೇಡಿ, ಆಮೇಲೂ ಮೇಲಿನ ಹೋಸ್ ಪೈಪ್ ತಣ್ಣಗಾಗಿ ಮೆತ್ತಗಿದೆಯೆಂದು ಖಚಿತವಾದ ಮೇಲಷ್ಟೇ ತೆರೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು ಅಥವಾ ಬಿರಿಯಬಹುದು.

ಪ್ರಶ್ನೆ: ಕೂಲಂಟ್ ಬೇಕಾಗಿರುವುದು ಚಳಿ ಪ್ರದೇಶಕ್ಕೆ ಮಾತ್ರ, ನಮಗೆ ಬೋರ್‌ವೆಲ್ ನೀರೇ ಸಾಕು ಎನ್ನುತ್ತಾರೆ. ನಿಜವೇ?
— ಓದುಗರು, ಸಿಂಧನೂರು

ಉತ್ತರ: ನೀರು ಹೆಪ್ಪುಗಟ್ಟದಂತೆ ತಡೆಯುವ ಗುಣ ನಮಗೆ ಬೇಕಿಲ್ಲ, ಉಳಿದದ್ದೆಲ್ಲ ಬೇಕು. ಕೂಲಂಟಿನಲ್ಲಿ ತುಕ್ಕು ಮತ್ತು ಸವೆತವನ್ನು ತಡೆಯುವ ರಾಸಾಯನಿಕಗಳಿರುತ್ತವೆ. ಗಡಸು ನೀರಿನ ಲವಣಗಳು ರೇಡಿಯೇಟರಿನ ಲೋಹವನ್ನು ತಿನ್ನುತ್ತವೆ, ಕೊಳವೆಯ ಒಳಗೋಡೆಗೆ ಬಿಳಿ ಪದರ ಕಟ್ಟುತ್ತವೆ. ಚಹಾ ಕಾಯಿಸುವ ಪಾತ್ರೆಯ ತಳ ನೋಡಿದರೆ ನಿಮ್ಮ ಬೋರ್‌ವೆಲ್ಲಿನ ಗುಣ ತಿಳಿಯುತ್ತದೆ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ. ದಾರಿಯಲ್ಲಿ ಬೇರೇನೂ ಸಿಗದಿದ್ದರೆ ಯಾವ ನೀರನ್ನಾದರೂ ಹಾಕಿ ಊರು ಸೇರಬಹುದು, ವಾರದೊಳಗೆ ತೆಗೆಸಿದರಾಯಿತು.

ಪ್ರಶ್ನೆ: ನಮ್ಮ ಹಳೆಯ ಜೀಪಿನ ಹಿತ್ತಾಳೆ ರೇಡಿಯೇಟರಿಗೆ ಬೆಸುಗೆ ಹಾಕಿಸಬಹುದೇ?
— ಓದುಗರು, ಸಂಡೂರು

ಉತ್ತರ: ಧಾರಾಳವಾಗಿ ಹಾಕಿಸಬಹುದು. ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆಯೇ ಪೂರ್ಣ ಪ್ರಮಾಣದ ದುರಸ್ತಿ. ಬೆಸುಗೆಗೆ ಬಿಚ್ಚಿದಾಗಲೇ ಕೊಳವೆಗಳಲ್ಲಿ ಸರಳು ಆಡಿಸಿ ಕೊಳೆ ತೆಗೆಸಿಕೊಳ್ಳಿ. ಅದಿರಿನ ಕೆಂಪು ದೂಳು ಕೂತ ಫಿನ್ನುಗಳನ್ನು (ಕೊಳವೆಗಳ ನಡುವಿನ ತೆಳು ಲೋಹದ ಹಾಳೆಗಳನ್ನು) ಇಂಜಿನ್ ಕಡೆಯಿಂದ ಮುಂದಕ್ಕೆ ಹರಿಯುವಂತೆ ಮೆಲ್ಲನೆಯ ನೀರಿನಿಂದ ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಜೋರು ನೀರು ಬಿಟ್ಟರೆ ಫಿನ್ನುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.