ಸ್ಟುಟ್‌ಗಾರ್ಟ್‌ಗೆ ಹೊರಡುವ ಮುನ್ನ ನಿಮ್ಮ ಫೋನಿನಲ್ಲಿ ಇರಬೇಕಾದವು

ಮಂಡ್ಯದಿಂದ ನೀವು ಬರೆದ ಪತ್ರ ತಲುಪಿತು. ಅಕ್ಟೋಬರಿನಲ್ಲಿ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಡುತ್ತಿದ್ದೀರಿ. ಅಲ್ಲಿ ದಿನನಿತ್ಯದ ಬದುಕು ಸುಗಮವಾಗಿ, ಆರೋಗ್ಯವೂ ಕೆಡದೆ ಇರಬೇಕಾದರೆ ಫೋನಿನಲ್ಲಿ ಯಾವ ಆ್ಯಪ್‌ಗಳಿರಬೇಕೆಂದು ಕೇಳಿದ್ದೀರಿ. ಮಗ ಅಲ್ಲಿಗೆ ಹೋದ ಮೇಲೆ ಊಟ ನಿದ್ದೆ ಬಿಟ್ಟು ಫೋನು ಹಿಡಿದುಕೊಂಡೇ ಕೂರುತ್ತಾನೆಂಬ ನಿಮ್ಮ ತಾಯಿಯವರ ಆತಂಕವನ್ನೂ ತಿಳಿಸಿದ್ದೀರಿ. ನಾನು 2012ರಲ್ಲಿ ಅದೇ ಊರಿಗೆ ಹೋಗಿ ನೆಲೆಸಿದವಳು. ರಜೆಗೆ ಬಂದಿರುವುದರಿಂದ ಈಗ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಕುಳಿತು ನಿಮಗೆ ಉತ್ತರ ಬರೆಯುತ್ತಿದ್ದೇನೆ. ಊರಿನಲ್ಲಿದ್ದಾಗ ಪಕ್ಕದ ಮನೆಯವರನ್ನೋ, ಅಂಗಡಿಯವರನ್ನೋ ಕೇಳಿ ತಿಳಿದುಕೊಳ್ಳುವ ಸಣ್ಣಪುಟ್ಟ ಸಂಗತಿಗಳನ್ನು ಅಲ್ಲಿ ಮೊದಲ ವರ್ಷ ಫೋನನ್ನು ಕೇಳಿಯೇ ತಿಳಿದುಕೊಳ್ಳಬೇಕಾಗುತ್ತದೆ. ಆ ಕೆಲಸಕ್ಕೆ ಬರುವ ಏಳೆಂಟು ಆ್ಯಪ್‌ಗಳಿದ್ದರೆ ಸಾಕು, ಉಳಿದವು ಜಾಗ ತಿನ್ನುತ್ತವೆ.

ಮೊದಲು ಭಾಷೆಯ ಮಾತು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ 2011ರಿಂದಲೇ ಕನ್ನಡವಿದೆ. ಜರ್ಮನ್, ಇಂಗ್ಲಿಷ್, ಕನ್ನಡ ಮೂರನ್ನೂ ಮನೆಯ ವೈಫೈನಲ್ಲಿಯೇ ಇಳಿಸಿಕೊಂಡು ಹೊರಡಿ, ಆಗ ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಇದರ ನಿಜವಾದ ಉಪಯೋಗ ಮಾತಿಗಿಂತ ಹೆಚ್ಚಾಗಿ ಕಾಗದಪತ್ರಗಳಲ್ಲಿದೆ. ಜರ್ಮನಿಯಲ್ಲಿ ಮುಖ್ಯವಾದುದೆಲ್ಲ ಇಂದಿಗೂ ಅಂಚೆಯಲ್ಲಿಯೇ ಬರುತ್ತದೆ. ನನಗೆ ಬಂದ ಒಂದು ಲಕೋಟೆಯನ್ನು ಯಾವುದೋ ಜಾಹೀರಾತು ಎಂದುಕೊಂಡು ಎರಡು ತಿಂಗಳು ಫ್ರಿಜ್ಜಿನ ಮೇಲೆಯೇ ಇಟ್ಟಿದ್ದೆ. ರೇಡಿಯೊ ಮತ್ತು ಟೀವಿ ಪ್ರಸಾರಕ್ಕಾಗಿ ಪ್ರತಿಯೊಂದು ಮನೆಯೂ ಕೊಡಬೇಕಾದ ಶುಲ್ಕದ ಪತ್ರ ಅದೆಂದು ತಿಳಿದದ್ದು ದಂಡ ಸೇರಿಸಿದ ಎರಡನೆಯ ಪತ್ರ ಬಂದ ಮೇಲೆ. ಮನೆಯಲ್ಲಿ ಟೀವಿ ಇಲ್ಲದಿದ್ದರೂ ಈ ಶುಲ್ಕ ತಪ್ಪುವುದಿಲ್ಲ. 2021ರ ಆಗಸ್ಟ್‌ನಲ್ಲಿ ಅದನ್ನು ತಿಂಗಳಿಗೆ 18.36 ಯೂರೋಗೆ ಏರಿಸಿದರು. ಆದ್ದರಿಂದ ಲಕೋಟೆ ಬಂದ ದಿನವೇ ಒಡೆದು, ಕಾಗದದ ಮೇಲೆ ಫೋನಿನ ಕ್ಯಾಮೆರಾ ಹಿಡಿಯಿರಿ. ತರ್ಜುಮೆ ಒರಟಾಗಿದ್ದರೂ ಯಾರಿಗೆ, ಎಷ್ಟು ಹಣ, ಯಾವ ದಿನಾಂಕದೊಳಗೆ ಎಂಬಷ್ಟು ಖಂಡಿತ ತಿಳಿಯುತ್ತದೆ. ನೀವು ಸಸ್ಯಾಹಾರಿ ಎಂದು ಬರೆದಿರುವುದರಿಂದ ಇನ್ನೊಂದು ಮಾತು. ನಮ್ಮಲ್ಲಿ ಪೊಟ್ಟಣದ ಮೇಲೆ ಕಡ್ಡಾಯವಾಗಿರುವ ಹಸಿರು ಚುಕ್ಕೆ ಅಲ್ಲಿಲ್ಲ. ಮಿಠಾಯಿಯಲ್ಲಿ, ಕೆಲವು ಸಿಹಿ ಮೊಸರುಗಳಲ್ಲಿ ಕೂಡ 'ಗೆಲಾಟಿನೆ' ಇರುತ್ತದೆ, ಅದು ಪ್ರಾಣಿಜನ್ಯ. ಆ ಪದವನ್ನು ಕ್ಯಾಮೆರಾದ ಸಹಾಯದಿಂದ ನಾಲ್ಕು ಸಲ ಗುರುತಿಸಿದರೆ ಐದನೆಯ ಸಲ ನಿಮ್ಮ ಕಣ್ಣೇ ಹಿಡಿಯುತ್ತದೆ.

ಇನ್ನು ವೈದ್ಯರ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರು ಹೆಚ್ಚು ಕಷ್ಟಪಡುವುದು ಇಲ್ಲಿಯೇ. ಮಂಡ್ಯದಲ್ಲಿ ಜ್ವರ ಬಂದರೆ ಸಂಜೆ ಕ್ಲಿನಿಕ್ಕಿಗೆ ಹೋಗಿ, ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಡಾಕ್ಟರು ನೋಡುತ್ತಾರೆ. ಅಲ್ಲಿ ಹಾಗಲ್ಲ. ನಾನು ಹೋದ ಮೊದಲ ಚಳಿಗಾಲದಲ್ಲಿ ಒಂದು ಶನಿವಾರ ರಾತ್ರಿ ಮೈ ಕೆಂಡದಂತೆ ಸುಡುತ್ತಿತ್ತು. ಬೇರೇನೂ ತೋಚದೆ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಕುಳಿತೆ. ಅಪಘಾತವಾದವರನ್ನೂ ಎದೆನೋವಿನವರನ್ನೂ ಮೊದಲು ನೋಡುವುದು ನ್ಯಾಯವೇ ಆದುದರಿಂದ ನನ್ನ ಸರದಿ ಬರುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಪರೀಕ್ಷಿಸಿದ ವೈದ್ಯೆ ಒಂದು ಚೀಟಿಯ ಮೇಲೆ 116117 ಎಂದು ಬರೆದು ನನ್ನ ಕೈಗಿಟ್ಟರು. ಪ್ರಾಣಾಪಾಯವಿಲ್ಲದ ಕಾಯಿಲೆಗೆ ರಾತ್ರಿ ಮತ್ತು ವಾರಾಂತ್ಯದಲ್ಲಿ ವೈದ್ಯರನ್ನು ಒದಗಿಸುವ ಸಂಖ್ಯೆ ಅದು. ಇಂದು ಅದರದೇ ಆ್ಯಪ್ ಇದೆ, ಆ ಹೊತ್ತಿನಲ್ಲಿ ನಿಮ್ಮ ಹತ್ತಿರ ಯಾವ ಚಿಕಿತ್ಸಾಲಯ ತೆರೆದಿದೆಯೆಂದು ಅದು ತೋರಿಸುತ್ತದೆ. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ 112. ಈ ಸಂಖ್ಯೆ ಯೂರೋಪಿನ ಒಕ್ಕೂಟದಾದ್ಯಂತ ಒಂದೇ.

ಕಾಯಿಲೆ ಬರುವ ಮೊದಲೇ, ಮನೆ ಸಿಕ್ಕ ತಿಂಗಳಲ್ಲಿಯೇ, ಒಬ್ಬ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಇದಕ್ಕೆ ಡಾಕ್ಟೋಲಿಬ್ ಎಂಬ ಆ್ಯಪ್ ಬಹಳ ಅನುಕೂಲ. ಇಂಗ್ಲಿಷ್ ಮಾತನಾಡುವ ವೈದ್ಯರನ್ನಷ್ಟೇ ಆರಿಸಿ ನೋಡಬಹುದು, ಮಧ್ಯರಾತ್ರಿಯಲ್ಲಿಯೂ ಸಮಯ ಕಾಯ್ದಿರಿಸಬಹುದು, ಜರ್ಮನ್ ಬಾರದವರಿಗೆ ಫೋನಿನಲ್ಲಿ ತಡವರಿಸುವ ಸಂಕಟವೂ ತಪ್ಪುತ್ತದೆ. ನಿಮ್ಮ ಆರೋಗ್ಯ ವಿಮಾ ಸಂಸ್ಥೆಯ ಆ್ಯಪ್ ಕೂಡ ಇರಲಿ. 2024ರ ಜನವರಿಯಿಂದ ಔಷಧಿ ಚೀಟಿ ಕಾಗದದಲ್ಲಿ ಬರುವುದು ಅಪರೂಪ. ವೈದ್ಯರು ಬರೆದದ್ದು ಕಂಪ್ಯೂಟರಿನಲ್ಲಿ ದಾಖಲಾಗಿ, ಔಷಧಿ ಅಂಗಡಿಯಲ್ಲಿ ವಿಮಾ ಕಾರ್ಡು ತೋರಿಸಿದರೆ ಮಾತ್ರೆ ಸಿಗುತ್ತದೆ. ಅಲ್ಲಿ ಆ್ಯಪ್ ಕೂಡ ಒಂದು ಔಷಧಿಯೇ: 2019ರ ಕೊನೆಯಲ್ಲಿ ಬಂದ ಕಾನೂನಿನ ಪ್ರಕಾರ, ಸರ್ಕಾರಿ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿದ ಕೆಲವು ಆ್ಯಪ್‌ಗಳನ್ನು ನಿದ್ರಾಹೀನತೆ, ಖಿನ್ನತೆಗಳಂಥ ತೊಂದರೆಗಳಿಗೆ ವೈದ್ಯರೇ ಬರೆದುಕೊಡುತ್ತಾರೆ ಮತ್ತು ಅದರ ಹಣವನ್ನು ವಿಮೆ ಭರಿಸುತ್ತದೆ. ಜಾಹೀರಾತು ನೋಡಿ ಹಣ ಕೊಟ್ಟು ಆರೋಗ್ಯದ ಆ್ಯಪ್ ಕೊಳ್ಳುವ ಮೊದಲು ವೈದ್ಯರನ್ನು ಒಮ್ಮೆ ಕೇಳಿ.

ನೀವು ತಲುಪುವುದು ಹಗಲು ಕುಗ್ಗುವ ಕಾಲದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದು ಎಂಟು ಗಂಟೆ ದಾಟಿದ ಮೇಲೆ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮನೆಗೆ ಬರುವ ಆ ಎರಡು ತಿಂಗಳು ನಮ್ಮ ಕಡೆಯವರ ಮನಸ್ಸನ್ನು ಬಹಳ ಕುಗ್ಗಿಸುತ್ತವೆ. ನನ್ನನ್ನು ಉಳಿಸಿದ್ದು ಫೋನಿನಲ್ಲಿ ಮೊದಲೇ ಇದ್ದ, ಹೆಜ್ಜೆ ಎಣಿಸುವ ಸಾಧಾರಣ ಆ್ಯಪ್. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯನ್ನು ಶಾಸ್ತ್ರವೆಂದು ಭಾವಿಸಬೇಡಿ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಅದು ಹರಡಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ. ಬಿರುಸಿನ ನಡಿಗೆ ಅದಕ್ಕೆ ಸಾಕು. ನಾನು ಮಧ್ಯಾಹ್ನ ಹನ್ನೆರಡೂವರೆಗೆ ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು, ಮಳೆಯಿರಲಿ ಹಿಮವಿರಲಿ, ಬೆಳಕಿರುವ ಹೊತ್ತಿನಲ್ಲಿಯೇ ಅರ್ಧ ಗಂಟೆ ನಡೆಯುತ್ತೇನೆ. ಆ ತಗ್ಗಿದ ಬಿಸಿಲಿನಿಂದ ಚಳಿಗಾಲದಲ್ಲಿ ಸಾಕಷ್ಟು ವಿಟಮಿನ್ ಡಿ ಸಿಗುವುದಿಲ್ಲ. ಅದನ್ನು ವೈದ್ಯರೊಂದಿಗೆ ಮಾತನಾಡಿ ಸರಿಪಡಿಸಿಕೊಳ್ಳಬೇಕು. ಆದರೆ ಹಗಲಿನ ಬೆಳಕು ಕಣ್ಣಿಗೆ ಬಿದ್ದ ದಿನ ರಾತ್ರಿಯ ನಿದ್ದೆ ಸರಿಯಾಗಿ ಬರುತ್ತದೆ.

ಸ್ಟುಟ್‌ಗಾರ್ಟ್ ಬೋಗುಣಿಯಂಥ ಕಣಿವೆಯಲ್ಲಿರುವ ಊರು. ಹಿಂದೆ ದ್ರಾಕ್ಷಿತೋಟಗಳಿದ್ದ ಇಳಿಜಾರುಗಳಲ್ಲಿ ನಾನೂರಕ್ಕೂ ಹೆಚ್ಚು ಮೆಟ್ಟಿಲುದಾರಿಗಳಿವೆ, ಅಲ್ಲಿನವರು ಅವನ್ನು 'ಷ್ಟೆಫೆಲೆ' ಎನ್ನುತ್ತಾರೆ. ಗಾಳಿಯ ಒತ್ತಡ ಅಳೆಯುವ ಪುಟ್ಟ ಸಾಧನ ನಿಮ್ಮ ಫೋನಿನೊಳಗಿದ್ದರೆ, ಹತ್ತಿದ ಎತ್ತರವನ್ನು ಅದು ಮಹಡಿಗಳ ಲೆಕ್ಕದಲ್ಲಿ ತೋರಿಸುತ್ತದೆ. ಮೊನ್ನೆ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿಯ ಬಳಿ ನಿಂತು ಅದೇ ಲೆಕ್ಕ ನೋಡಿದಾಗ, ಅಲ್ಲಿ ಹದಿಮೂರು ವರ್ಷ ಮೆಟ್ಟಿಲು ಹತ್ತಿದ ಕಾಲು ಇಲ್ಲಿ ಉಪಯೋಗಕ್ಕೆ ಬಂತಲ್ಲ ಎಂದು ನಿಜವಾಗಿಯೂ ಸಂತೋಷವಾಯಿತು.

ಊಟದ ಲೆಕ್ಕ ಬರೆಯುವ ಆ್ಯಪ್‌ಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅವುಗಳಿಗೆ ಬ್ರೆಡ್ಡು, ಚೀಸು ಗೊತ್ತು. ಮುದ್ದೆ, ಬಸ್ಸಾರು ಸರಿಯಾಗಿ ಗೊತ್ತಿಲ್ಲ. ಒಂದು ಮುದ್ದೆಗೆ ಒಂದು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಅದರ ಎರಡರಷ್ಟು. ಮುದ್ದೆಯಲ್ಲಿ ನೀರಿನ ಪಾಲು ಮನೆಯಿಂದ ಮನೆಗೆ ಬದಲಾಗುವುದರಿಂದ, ಬೇಕಿದ್ದರೆ ಹಿಟ್ಟನ್ನು ತೂಗಿ ನೀವೇ ಬರೆದುಕೊಳ್ಳಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ಯಾವ ಆ್ಯಪ್‌ನಲ್ಲಿ ಕಾಣದಿದ್ದರೂ ನಿಮ್ಮ ಮೈಗೆ ಸೇರುತ್ತದೆ. ಬದಲಿಗೆ ಟೂ ಗುಡ್ ಟು ಗೋ ಎಂಬುದನ್ನು ಇಟ್ಟುಕೊಳ್ಳಿ. 2015ರಲ್ಲಿ ಕೋಪನ್‌ಹೇಗನ್‌ನಲ್ಲಿ ಆರಂಭವಾದ ಇದರ ಮೂಲಕ ಬೇಕರಿಯವರೂ ಅಂಗಡಿಯವರೂ ದಿನದ ಕೊನೆಗೆ ಉಳಿದ ಬ್ರೆಡ್ಡು, ತರಕಾರಿಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ.

ಓಡಾಟಕ್ಕೆ ಊರಿನೊಳಗೆ ಅಲ್ಲಿನ ಸಾರಿಗೆಯವರ ವಿವಿಎಸ್ ಆ್ಯಪ್, ಹೊರಗೆ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಸಾಕು. ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸುಗಳಿಗೆ ಒಂದೇ ತಿಂಗಳ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋ ಇದ್ದದ್ದು 2025ರಲ್ಲಿ 58 ಆಯಿತು, ಈಗಿನ ದರವನ್ನು ಆ್ಯಪ್‌ನಲ್ಲಿಯೇ ನೋಡಿ. ಬೇಡವೆನಿಸಿದರೆ ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಪ್ರವಾಹ, ಬಿರುಗಾಳಿಗಳ ಮುನ್ನೆಚ್ಚರಿಕೆ ಕೊಡುವ ಸರ್ಕಾರದ ನೀನಾ ಆ್ಯಪ್ ಕೂಡ ಇರಲಿ.

ತಾಯಿಯವರ ಆತಂಕಕ್ಕೆ ಉತ್ತರವಾಗಿ ಒಂದು ಕೆಲಸ ಮಾಡಿ. ಹೊರಡುವ ಮುನ್ನ ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ಅವರ ಫೋನಿನ ಗಡಿಯಾರದಲ್ಲಿ ಜರ್ಮನಿಯ ಸಮಯವನ್ನೂ ಸೇರಿಸಿಕೊಡಿ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರವೆಂದು ತಿಳಿಸಿ, ವಿಡಿಯೊ ಕರೆ ಮಾಡುವುದನ್ನು ಅವರ ಕೈಯಿಂದಲೇ ಎರಡು ಮೂರು ಸಲ ಮಾಡಿಸಿ. ಚಳಿಗಾಲದಲ್ಲಿ ನಿಮಗೆ ರಾತ್ರಿ ಹತ್ತಾದಾಗ ಅವರಿಗೆ ನಡುರಾತ್ರಿ ಎರಡೂವರೆ. ಆದ್ದರಿಂದ ಮಾತುಕತೆಗೆ ನಿಮ್ಮ ಮಧ್ಯಾಹ್ನದ ನಡಿಗೆಯ ಹೊತ್ತೇ ಒಳ್ಳೆಯದು. ಮಂಡ್ಯದಲ್ಲಿ ಆಗ ಸಂಜೆ ಐದು ಗಂಟೆ, ನೀವು ಬೆಳಕಿನಲ್ಲಿ ನಡೆಯುತ್ತಿರುವುದನ್ನು ಅವರು ಕಣ್ಣಾರೆ ನೋಡುತ್ತಾರೆ.